ಕೊಳೆ ಕಡೆಯ ದೊಡ್ಡಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲಿಗೆ ತಳ್ಳುಗಾಡಿ ಬಂದು ನಿಲ್ಲುತ್ತದೆ. ಅದರ ತುಂಬ ಗಂಟು ಬಿಗಿದ ಚೀಲಗಳು, ಚೀಲಗಳ ತುಂಬ ರೋಗಿಗಳು ಹೊದ್ದ, ಬೆವರಿದ, ವಾಂತಿ ಮಾಡಿಕೊಂಡ ಬಟ್ಟೆ. ಮೊಣಕೈವರೆಗೆ ರಬ್ಬರ್ ಕೈಗವಸು, ಮುಖಕ್ಕೆ ಮಾಸ್ಕ್, ಕಾಲಿಗೆ ಬೂಟು ತೊಟ್ಟ ಹೆಂಗಸೊಬ್ಬರು ಮೊದಲ ಚೀಲದ ಗಂಟು ಬಿಚ್ಚುತ್ತಾರೆ. ಬಟ್ಟೆಯನ್ನು ಎಳೆದಾಡುವುದಿಲ್ಲ. ಅಂಚುಗಳನ್ನು ಒಳಗೆ ಸುತ್ತಿ, ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ ಎತ್ತಿ ಮೆಷಿನ್ನಿಗೆ ಇಳಿಸುತ್ತಾರೆ. ಹೊಸದಾಗಿ ಸೇರಿದ ಜೊತೆಗಾರ್ತಿ ಮನೆಯ ಅಭ್ಯಾಸದಲ್ಲಿ ಒಂದು ಹೊದಿಕೆಯನ್ನು ಕೊಡವಲು ಹೊರಟರೆ ಮಾಸ್ಕಿನೊಳಗಿಂದಲೇ ದೊಡ್ಡ ದನಿ ಬರುತ್ತದೆ.

“ಅಯ್ಯೋ ತಾಯಿ, ಕೊಡವ್ಬೇಡ! ಒಂದ್ಸಲ ಕೊಡವಿದ್ರೆ ಬಟ್ಟೇಲಿರೋದೆಲ್ಲ ನಿನ್ ಮೂಗಿಗೂ ಬಂತು, ನನ್ ಮೂಗಿಗೂ ಬಂತು. ಆಮೇಲೆ ಇಬ್ರೂ ಮೇಲಿನ ವಾರ್ಡಲ್ಲಿ ಅಕ್ಕಪಕ್ಕ ಮಲ್ಕೊಂಡು ಹರಟೆ ಹೊಡೀಬೇಕಾಗುತ್ತೆ ಅಷ್ಟೇ.”

ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಇವರು ದೊಡ್ಡಮ್ಮ. ಇವರು ಕೆಲಸ ಮಾಡುವ ಕೋಣೆಯನ್ನು ನೆಲದಿಂದ ಸೂರಿನವರೆಗೆ ಒಂದು ಗೋಡೆ ಎರಡು ಭಾಗ ಮಾಡಿದೆ. ಒಗೆಯುವ ಮೆಷಿನ್ನುಗಳು ಗೋಡೆಯಲ್ಲೇ ಕೂತಿವೆ. ಅವಕ್ಕೆ ಎರಡೆರಡು ಬಾಗಿಲು. ಕೊಳೆಬಟ್ಟೆ ಈ ಕಡೆಯಿಂದ ಒಳಗೆ ಹೋಗಬೇಕು, ಬಿಸಿನೀರಿನಲ್ಲಿ ಕುದ್ದು, ಶುದ್ಧವಾಗಿ ಆ ಕಡೆಯಿಂದ ಹೊರಗೆ ಬರಬೇಕು. ಗೋಡೆಯಲ್ಲಿರುವ ಬಾಗಿಲಿಗೆ ಸದಾ ಬೀಗ, ಬೀಗದ ಕೈ ಹೆಡ್ ಸಿಸ್ಟರ್ ಹತ್ತಿರ. ಉಳಿದದ್ದು ದಪ್ಪ ಗಾಜಿನ ಒಂದು ಕಿಟಕಿ ಮಾತ್ರ. ಅದರಲ್ಲಿ ನೋಟ ದಾಟುತ್ತದೆ, ಮಾತು ದಾಟುವುದಿಲ್ಲ.

ಗಾಜಿನ ಆಚೆ ಬಟ್ಟೆ ಒಣಗಿಸಿ, ಇಸ್ತ್ರಿ ಮಾಡಿ, ಮಡಚಿ ಜೋಡಿಸುವವರು ಇಸ್ತ್ರಿ ತಾತ. ದೊಡ್ಡಮ್ಮನ ಗಂಡ. ದಿನವಿಡೀ ಇಬ್ಬರೂ ಎದುರುಬದುರು ಇದ್ದೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. “ಮದುವೆಯಾಗಿ ಮೂವತ್ತು ವರ್ಷ ಆಯ್ತು. ಅದ್ರಲ್ಲಿ ಅರ್ಧ ಮಧ್ಯೆ ಗೋಡೆ ಇಟ್ಕೊಂಡೇ ಸಂಸಾರ ಮಾಡಿದೀವಿ. ಅದಕ್ಕೇ ನೋಡಿ, ಇನ್ನೂ ಬಾಳಿಕೆ ಬಂದಿದೆ,” ಎಂದು ದೊಡ್ಡಮ್ಮ ನಗುತ್ತಾರೆ.

ಅವರು ಕೆಲಸಕ್ಕೆ ಸೇರಿದಾಗ ಈ ಗೋಡೆ ಇರಲಿಲ್ಲ. ಸಿಮೆಂಟು ತೊಟ್ಟಿ, ಒಂದೇ ನೆಲ, ಕೊಳೆಬಟ್ಟೆಯ ರಾಶಿಗೆ ತಾಗಿಕೊಂಡೇ ಒಗೆದ ಬಟ್ಟೆಯ ರಾಶಿ. ಕೈಗವಸು ಎನ್ನುವುದನ್ನು ಕಂಡವರೇ ಇಲ್ಲ. ಒಂದು ಸಲ ದೊಡ್ಡಮ್ಮನ ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ ಎದ್ದವು. ಸೋಪಿನ ಉರಿ ಇರಬೇಕೆಂದು ಸುಮ್ಮನಾದರು. ತಿಂಗಳು ಕಳೆಯುವಷ್ಟರಲ್ಲಿ ಪಕ್ಕದಲ್ಲಿ ಮಲಗುತ್ತಿದ್ದ ಪುಟ್ಟ ಮಗಳೂ ಮೈ ಕೆರೆದುಕೊಳ್ಳಲು ಶುರುಮಾಡಿದಳು. ಕಜ್ಜಿ. ವಾರ್ಡಿನ ರೋಗಿಯ ಹೊದಿಕೆಯಿಂದ ಅಮ್ಮನ ಕೈಗೆ, ಅಮ್ಮನ ಕೈಯಿಂದ ಮಗಳ ಮೈಗೆ ಬಂದಿತ್ತು.

“ಮಗು ಕೆರ್ಕೊಂಡು ಕೆರ್ಕೊಂಡು ರಕ್ತ ಮಾಡ್ಕೊಂಡಿತ್ತು. ನನಗೆ ಸಂಕಟ ತಡೆಯೋಕಾಗ್ಲಿಲ್ಲ. ಆಗಿನ ಸಿಸ್ಟರು ಕೂರಿಸ್ಕೊಂಡು ಹೇಳ್ಕೊಟ್ರು. ಕಾಯಿಲೆ ತಾನಾಗೇ ನಡ್ಕೊಂಡ್ ಬರಲ್ಲಮ್ಮ, ನಾವೇ ಹೊತ್ಕೊಂಡ್ ಹೋಗ್ತೀವಿ ಅಂದ್ರು. ಆವತ್ತಿಂದ ಸ್ನಾನ ಮಾಡ್ದೆ, ಬಟ್ಟೆ ಬದಲಾಯಿಸ್ದೆ ಈ ಗೇಟು ದಾಟಿದವಳಲ್ಲ ನಾನು.”

ಈಗ ದಿನಕ್ಕೆ ಹತ್ತಿರ ಹತ್ತಿರ ಐನೂರು ಬಟ್ಟೆ ಇವರ ಕೈ ದಾಟಿ ಹೋಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಕೋಣೆ ಕಾದು, ಕೈಗವಸಿನೊಳಗೆ ಬೆವರು ತುಂಬಿಕೊಳ್ಳುತ್ತದೆ. ಬಲಭುಜ ಹಿಡಿದುಕೊಳ್ಳುತ್ತದೆ. ಬಟ್ಟೆಯೊಳಗೆ ಸೂಜಿ ಮರೆತು ಕಳಿಸುವವರ ಮೇಲೆ ಮಾತ್ರ ದೊಡ್ಡಮ್ಮನಿಗೆ ಕೆಂಡದಂಥ ಕೋಪ. ವಾರ್ಡಿಗೇ ಹೋಗಿ ಮಂಗಳಾರತಿ ಎತ್ತಿ ಬರುತ್ತಾರೆ.

ಆದರೆ ಈಚಿನ ದಿನಗಳಲ್ಲಿ ಅವರ ಗಮನವೆಲ್ಲ ಒಂದೇ ವಾರ್ಡಿನ ಚೀಲದ ಮೇಲೆ. ಅಂದು ಕಜ್ಜಿ ಹತ್ತಿಸಿಕೊಂಡಿದ್ದ ಮಗಳು ಇದೇ ಆಸ್ಪತ್ರೆಯಲ್ಲಿ ಹೆತ್ತಿದ್ದಾಳೆ. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ಅಂಗೈ ಅಗಲದ ಎದೆ. ಮಗು ನವಜಾತ ಶಿಶುಗಳ ಕೋಣೆಯಲ್ಲಿದೆ. ಅಲ್ಲಿ ಎರಡು ಕೂಸುಗಳಿಗೆ ಭೇದಿ ಶುರುವಾದ ಕೂಡಲೇ ನೋಡಲು ಬರುವವರಿಗೆಲ್ಲ ಬಾಗಿಲು ಮುಚ್ಚಿತು. ಕೈ ತೊಳೆದು ಹಾಲೂಡಿಸಲು ತಾಯಂದಿರು ಮಾತ್ರ ಒಳಗೆ ಹೋಗಬಹುದು. ಫೋನು ಒಯ್ಯುವಂತಿಲ್ಲ, ಹಾಗಾಗಿ ಫೋಟೋ ಕೂಡ ಇಲ್ಲ.

ಒಗೆದ ಬಟ್ಟೆ ತಲುಪಿಸಲು ಬಾಗಿಲವರೆಗೆ ಹೋಗುವ ಅವಕಾಶ ಇದ್ದದ್ದು ತಾತನಿಗೊಬ್ಬರಿಗೇ. ಬಾಗಿಲ ಗಾಜಿನಲ್ಲಿ ಮೊಮ್ಮಗಳನ್ನು ಕಣ್ತುಂಬಿಕೊಂಡು ಬಂದು, ಇಲ್ಲಿ ಕಿಟಕಿಯ ಆಚೆ ನಿಂತು ಎರಡೂ ಕೈ ಅಗಲಿಸಿ ‘ಇಷ್ಟುದ್ದ ಆಗಿದ್ದಾಳೆ’ ಎಂದು ತೋರಿಸುತ್ತಿದ್ದರು. ದೊಡ್ಡಮ್ಮ ಮೊಮ್ಮಗಳನ್ನು ಬೆಳೆಸಿದ್ದು ಗಂಡನ ಆ ಎರಡು ಕೈಗಳ ನಡುವೆ.

ಹೋದ ವಾರ ಒಂದು ಎಡವಟ್ಟಾಯಿತು. ಶಿಶುಗಳ ಕೋಣೆಯ ಆಯಾ ಮಗುವಿನ ಟೋಪಿ ಬದಲಾಯಿಸುತ್ತಿದ್ದವರು, ಬಾಗಿಲಲ್ಲಿ ತಾತನನ್ನು ಕಂಡು ಮನಸ್ಸು ಕರಗಿ, “ತಗೊಳ್ಳಿ ತಾತ, ದೊಡ್ಡಮ್ಮಂಗೆ ತೋರಿಸಿ,” ಎಂದು ಬಿಚ್ಚಿದ ಟೋಪಿಯನ್ನು ಕೈಗಿಟ್ಟರು. ಕೆಂಪು ದಾರದ ಅಂಚಿನ ಆ ಟೋಪಿಯನ್ನು ಹೊಲಿದವರು ದೊಡ್ಡಮ್ಮನೇ. ತಾತ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದರು. ಮಡಚಿಟ್ಟ ಬಟ್ಟೆಗಳ ಮೇಜಿನ ಮೇಲೆ ಅದನ್ನಿಟ್ಟು, ಬಟ್ಟೆಗಳನ್ನು ಸರಿಸಿ, ಮತ್ತೆ ಟೋಪಿ ಎತ್ತಿ ಗಾಜಿಗೆ ಹಿಡಿದರು. ಮುಖದ ತುಂಬ ನಗು.

ಈ ಕಡೆಯಿಂದ ದೊಡ್ಡಮ್ಮ ಕಂಡದ್ದೇ ಬೇರೆ. ತೊಟ್ಟು ಬಿಚ್ಚಿದ ಟೋಪಿ, ಅದೂ ಭೇದಿ ಇರುವ ಕೋಣೆಯದು, ಶುದ್ಧ ಬಟ್ಟೆಯ ಮೇಜಿನ ಮೇಲೆ! ಅದೇ ಕೈಯಲ್ಲಿ ಮುಟ್ಟಿದ ಬಟ್ಟೆ ಮಧ್ಯಾಹ್ನ ಅಷ್ಟೂ ಕೂಸುಗಳ ಮೈಮೇಲೆ ಹೋಗುತ್ತದೆ. ಅವರು ಗಾಜು ಬಡಿದರು. ಮೇಜಿನತ್ತ ಕೈ ತೋರಿಸಿ, ಎಲ್ಲವನ್ನೂ ಚೀಲಕ್ಕೆ ತುಂಬುವ ಸನ್ನೆ ಮಾಡಿದರು. ತಾತನಿಗೆ ಅರ್ಥವಾಗುತ್ತಿದ್ದಂತೆ ನಗು ಇಳಿದುಹೋಯಿತು. ಬೆಳಗಿನಿಂದ ಮಡಚಿದ್ದೆಲ್ಲ ಚೀಲ ಸೇರಿ, ಕಟ್ಟಡ ಸುತ್ತಿ, ಮತ್ತೆ ಕೊಳೆ ಕಡೆಗೆ ಬಂತು. ತಾತ ಕೈ ತೊಳೆದು, ಅಂಗಿ ಬದಲಿಸಿ, ಮೇಜನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿದರು. ಶಿಶುಗಳಿಗೆ ಆ ದಿನ ಕಪಾಟಿನಲ್ಲಿ ಮೀಸಲಿಟ್ಟಿದ್ದ ಬಟ್ಟೆ ಹೋಯಿತು.

ಇಷ್ಟಕ್ಕೇ ಮುಚ್ಚಿಹಾಕಬಹುದಿತ್ತು. ಆದರೆ ಆ ಟೋಪಿ ಬರುವ ಮೊದಲೇ ಒಗೆದ ಬಟ್ಟೆಯ ಒಂದು ಕಂತೆ ಮೇಲೆ ಶಿಶುಗಳ ಕೋಣೆಗೆ ಹೋಗಿತ್ತು. ಅದನ್ನು ಯಾವ ಕೈ ಮುಟ್ಟಿತ್ತೋ, ಆಯಾ ಹಿಂದೆಯೂ ಹೀಗೆ ಏನಾದರೂ ಕೊಟ್ಟಿದ್ದರೋ, ಯಾರಿಗೆ ಗೊತ್ತು? ಹೇಳಿದರೆ ಗಂಡನನ್ನು ಮೇಲೆ ಕಳಿಸುವುದು ನಿಲ್ಲಿಸುತ್ತಾರೆ, ಮೊಮ್ಮಗಳು ಎಷ್ಟು ಬೆಳೆದಳೆಂದು ಕಾಣಲು ಇದ್ದ ಒಂದೇ ದಾರಿಯೂ ಮುಚ್ಚುತ್ತದೆ. ಅದೆಲ್ಲ ಗೊತ್ತಿದ್ದೂ ದೊಡ್ಡಮ್ಮ ಹೆಡ್ ಸಿಸ್ಟರಿಗೆ ಹೇಳಿದರು. ಸಿಸ್ಟರು ಗದರಲಿಲ್ಲ. ಕೋಣೆಯ ಬಟ್ಟೆಯನ್ನೆಲ್ಲ ಬದಲಾಯಿಸಿದರು, ಆಯಾಗೆ ತಿಳಿಹೇಳಿದರು, ಬಟ್ಟೆ ಒಯ್ಯುವ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

“ಎರಡು ದಿನ ನಮ್ಮನೆಯವರು ಮುಖ ಊದಿಸ್ಕೊಂಡಿದ್ರು,” ಎನ್ನುತ್ತಾರೆ ದೊಡ್ಡಮ್ಮ. “ನಿನಗೇನು ಕಲ್ಲೆದೆನೇನೆ ಅಂದ್ರು. ಹೌದು ರೀ, ಕಲ್ಲೇ ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ನನಗೇನು ಆ ಟೋಪಿ ಮುಟ್ಬೇಕು ಅನ್ನಿಸ್ಲಿಲ್ವಾ?”

ಭೇದಿ ಬಂದಿದ್ದ ಎರಡು ಕೂಸುಗಳೂ ಚೇತರಿಸಿಕೊಂಡಿವೆ. ಬೇರೆ ಯಾರಿಗೂ ಹರಡಿಲ್ಲ. ಇದು ಮರಳಿ ಒಗೆದದ್ದರಿಂದಲೋ, ಅಲ್ಲವೋ, ಹೇಳಬಲ್ಲವರಿಲ್ಲ. “ಬಂದ ಕಾಯಿಲೆ ಎಲ್ರಿಗೂ ಕಾಣ್ಸುತ್ತೆ. ಬರದೇ ಇದ್ದದ್ದನ್ನ ಎಲ್ಲಿಂದ ತೋರಿಸ್ಲಿ?” ಎಂದು ದೊಡ್ಡಮ್ಮ ಮುಂದಿನ ಚೀಲಕ್ಕೆ ಕೈ ಹಾಕುತ್ತಾರೆ. ಮಗಳು ಫೋನಿನಲ್ಲಿ ‘ಚೆನ್ನಾಗಿದಾಳಮ್ಮ’ ಎನ್ನುತ್ತಾಳೆ. ಅಷ್ಟರಿಂದ ಅಜ್ಜಿಯ ಹೊಟ್ಟೆ ತುಂಬುವುದಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಕೈಗವಸು ತೊಟ್ಟ ಕೈಗಳನ್ನೇ ನೋಡಿಕೊಳ್ಳುತ್ತಾರೆ. “ಅವಳು ಮನೆಗೆ ಬರ್ಲಿ. ಚೆನ್ನಾಗಿ ಕೈ ತೊಳ್ಕೊಂಡು, ಬರಿಗೈಲಿ ಒಂದ್ಸಲ ಎತ್ಕೋಬೇಕು.”

ಈಗ ಬಿಚ್ಚಿದ್ದು ಶಿಶುಗಳ ಕೋಣೆಯ ಚೀಲ. ಪುಟ್ಟ ಹಾಸುಗಳ ನಡುವೆ ಕೆಂಪು ದಾರದ ಅಂಚು ಕಾಣುತ್ತದೆ. ದೊಡ್ಡಮ್ಮನ ಕೈ ನಿಲ್ಲುತ್ತದೆ. ಟೋಪಿ ಈ ಸಲ ಬರಬೇಕಾದ ದಾರಿಯಲ್ಲೇ ಬಂದಿದೆ. ಅದನ್ನು ಮುಖದ ಹತ್ತಿರ ಒಯ್ಯುವುದಿಲ್ಲ. ಕೈ ಚಾಚಿ ಬೆಳಕಿಗೆ ಹಿಡಿಯುತ್ತಾರೆ. ಹಿಂಭಾಗದಲ್ಲಿ ಹೊಲಿಗೆ ಬಿಟ್ಟುಕೊಂಡಿದೆ, ಅಂಚು ಹಿಗ್ಗಿದೆ. ಹಿಗ್ಗಿದ ಅಗಲವನ್ನು ಗೇಣಿನಲ್ಲಿ ಅಳೆಯುತ್ತಾರೆ. ಆಮೇಲೆ ಟೋಪಿಯನ್ನು ಹಾಸುಗಳ ಜೊತೆಗೇ ಇಳಿಸಿ ಮೆಷಿನ್ನಿನ ಬಾಗಿಲು ಮುಚ್ಚುತ್ತಾರೆ.

ಮೆಷಿನ್ ನಿಂತ ಮೇಲೆ ಆಚೆ ಬದಿಯ ಬಾಗಿಲು ತೆರೆಯುತ್ತದೆ. ತಾತ ಟೋಪಿ ಕಂಡು, ಹಿಂದೆಮುಂದೆ ನೋಡಿ, ಅಳುಕುತ್ತಲೇ ಅದನ್ನು ಕಿಟಕಿಗೆ ಹಿಡಿಯುತ್ತಾರೆ. ಈಗ ಅದು ಶುದ್ಧ, ತೋರಿಸಬಹುದು. ಅವರೂ ಮೊಮ್ಮಗಳನ್ನು ನೋಡಿ ವಾರವಾಯಿತು. ದೊಡ್ಡಮ್ಮ ಬಿಟ್ಟುಹೋದ ಹೊಲಿಗೆಯತ್ತ ಬೆರಳು ತೋರಿಸುತ್ತಾರೆ. ಆಮೇಲೆ ಎರಡೂ ಕೈ ಎತ್ತಿ, ಗಾಜಿನ ಮುಂದೆ ಅಗಲಿಸಿ, ಇನ್ನೂ ಸ್ವಲ್ಪ ಅಗಲಿಸಿ, ಇಷ್ಟು ದೊಡ್ಡವಳಾಗಿದ್ದಾಳೆ ಎಂದು ಗಂಡನಿಗೆ ತೋರಿಸುತ್ತಾರೆ.