ಸಮಾನಾಂತರ ಗುಂಪುಗಾರಿಕೆ

ಗಡಿಯಾರ ನೋಡುತ್ತಾ ಮಕ್ಕಳ ಮುಂದೆ ನಿಂತ ಮೇಷ್ಟ್ರಷ್ಟು ದೊಡ್ಡ ಮೂರ್ಖ ಲೋಕದಲ್ಲಿ ಇನ್ನೊಬ್ಬನಿಲ್ಲ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ನೀನ್ಯಾರು ಎಂದು ಕೇಳುತ್ತೀರೇನೋ. ಹಾಗೆ ನಿಂತಿದ್ದವನು ನಾನೇ. ಎಪ್ಪತ್ತರ ದಶಕದ ನಡುವಿನ ಮಾತು. ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಆಗ ನಾನು ಗಣಿತದ ಮೇಷ್ಟ್ರು. ಮಾವನವರು ಮದುವೆಯಲ್ಲಿ ಕೊಟ್ಟ ಕೈಗಡಿಯಾರವೊಂದು ನನ್ನ ಹತ್ತಿರ ಇತ್ತು. ಯಾವಾಗಲೂ ಐದು ನಿಮಿಷ ಮುಂದಿರುತ್ತಿದ್ದ ಆ ಗಡಿಯಾರವನ್ನು ನಾನು ಪಂಚಾಂಗಕ್ಕಿಂತ ಹೆಚ್ಚಾಗಿ ನಂಬಿದ್ದೆ.

ಆ ವರ್ಷ ಶಾಲೆ ಶುರುವಾದ ಎರಡನೇ ವಾರದಲ್ಲಿ ಬೆಂಗಳೂರಿನಿಂದ ಸತ್ಯಪ್ರಕಾಶ್ ಎಂಬ ಸಂಶೋಧಕರು ಬಂದಿಳಿದರು. ದಪ್ಪ ಚೌಕಟ್ಟಿನ ಕನ್ನಡಕ, ನೆಲ ಗುಡಿಸುವಂಥ ಬೆಲ್‌ಬಾಟಂ ಪ್ಯಾಂಟು. ಡಾಕ್ಟರೇಟಿಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಒಂದೊಂದು ಹೈಸ್ಕೂಲನ್ನು ಆರಿಸಿಕೊಂಡಿದ್ದರು. ಈ ಮೂರೇ ಊರು ಯಾಕೆ ಎಂದು ಕೇಳಿದ್ದಕ್ಕೆ "ವೈಜ್ಞಾನಿಕ ಕಾರಣಗಳಿವೆ" ಎಂದರು. ಮಂಡ್ಯದಲ್ಲಿ ಅವರ ಅತ್ತೆಯ ಮನೆಯಿದೆ ಎಂಬ ಸಂಗತಿ ಆಮೇಲೆ ಗೊತ್ತಾಯಿತು.

ಸ್ಟಾಫ್ ರೂಮಿನ ಕರಿಹಲಗೆಯ ಮೇಲೆ ಅವರು ತಮ್ಮ ಸಂಶೋಧನೆಯ ಹೆಸರನ್ನು 'ಪ್ಯಾರಲಲ್ ಗ್ರೂಪಿಂಗ್' ಎಂದು ಇಂಗ್ಲಿಷಿನಲ್ಲಿ ಬರೆದು, ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ನಮ್ಮ ಕನ್ನಡ ಪಂಡಿತರನ್ನು ಕೇಳಿದರು. ಪಂಡಿತರು ಮೂಗಿಗೆ ನಶ್ಯ ಏರಿಸಿ, "ಸಮಾನಾಂತರ ಗುಂಪುಗಾರಿಕೆ" ಎಂದರು. ನಾವೆಲ್ಲ ನಕ್ಕೆವು. ಗುಂಪುಗಾರಿಕೆ ಕಲಿಸುವುದಕ್ಕೆ ನಮ್ಮ ಸೀಮೆಗೆ ಹೊರಗಿನವರು ಬರಬೇಕೆ? ಒಂದು ಹಳ್ಳಿ ಎಂದರೆ ಎರಡು ಗುಂಪು, ಒಂದು ಸೊಸೈಟಿ ಎಂದರೆ ಮೂರು. ಅವೆಲ್ಲ ಪಕ್ಕಪಕ್ಕದಲ್ಲೇ, ಎಂದೂ ಒಂದನ್ನೊಂದು ಸೇರದೆ ಸಾಗುವುದರಿಂದ ರೇಖಾಗಣಿತದ ಪ್ರಕಾರವೂ ಸಮಾನಾಂತರವೇ. ಸತ್ಯಪ್ರಕಾಶರು ಮಾತ್ರ ನಗದೆ ಆ ಮಾತನ್ನು ಭಕ್ತಿಯಿಂದ ಡೈರಿಯಲ್ಲಿ ಬರೆದುಕೊಂಡರು.

ಅವರು ವಿವರಿಸಿದ್ದು ಹೀಗೆ. ಪರದೇಶದಲ್ಲಿ ಕಂಪ್ಯೂಟರ್ ಎಂಬ ಯಂತ್ರವಿದೆ. ಒಂದು ದೊಡ್ಡ ಲೆಕ್ಕವನ್ನು ಹೋಳು ಮಾಡಿ, ಒಂದೊಂದು ಹೋಳನ್ನು ಒಂದೊಂದು ಯಂತ್ರ-ಮಿದುಳಿಗೆ ಕೊಟ್ಟು, ಎಲ್ಲವನ್ನೂ ಒಟ್ಟಿಗೇ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದಂತೆ. ಹಾಗೆಯೇ ಒಂದೇ ವೇಗದ ಮಕ್ಕಳನ್ನು ಒಂದೇ ಕಡೆ ಕೂಡಿಸಿ, ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಿ ಪಕ್ಕಪಕ್ಕದ ಕೋಣೆಗಳಲ್ಲಿ ಪಾಠ ಹೇಳಿದರೆ ವಿದ್ಯೆ ಬೇಗ ಹತ್ತುತ್ತದಂತೆ. ಯಂತ್ರದಲ್ಲಿ ಒಂದು ಹೋಳು ನಿಧಾನವಾದರೆ ಏನಾಗುತ್ತದೆ ಎಂದು ನಾನು ಕೇಳಿದೆ. "ಉಳಿದವೆಲ್ಲ ಅದಕ್ಕಾಗಿ ಕಾಯಬೇಕಾಗುತ್ತದೆ" ಎಂದು ಒಪ್ಪಿಕೊಂಡು, ತಕ್ಷಣ ಮಾತು ಬದಲಿಸಿದರು.

ನಮ್ಮೂರು ಕೊತ್ತತ್ತಿ, ನಾಲೆಯ ನೀರಿನ ಊರು. ಅಲ್ಲಿ ನಾಟಿ ಹಾಕುವ ಹೆಂಗಸರು ಗದ್ದೆಗೆ ಇಳಿಯುವಾಗ ನಿಧಾನಗೈಯವಳನ್ನು ಇಬ್ಬರು ಚುರುಕುಗೈಯವರ ನಡುವೆ ನಿಲ್ಲಿಸಿಕೊಳ್ಳುತ್ತಾರೆ. ಅವಳು ಹಿಂದೆ ಬಿದ್ದರೆ ಪಕ್ಕದವಳು ಮಾತಾಡುತ್ತಲೇ ಕೈ ಚಾಚಿ ಅವಳ ಪಾಲಿನ ನಾಲ್ಕು ಪೈರು ಊರಿಬಿಡುತ್ತಾಳೆ. ನಿಧಾನಗೈಯವರನ್ನೆಲ್ಲ ಒಂದು ಗದ್ದೆಗೆ ತಳ್ಳಿದರೆ ಆ ಗದ್ದೆಯಲ್ಲಿ ಸಂಕ್ರಾಂತಿಗೂ ನಾಟಿ ಮುಗಿಯುವುದಿಲ್ಲ. ಇದನ್ನೂ ಹೇಳೋಣ ಎಂದುಕೊಂಡೆ. ಕಂಪ್ಯೂಟರಿನ ಎದುರಿಗೆ ಕೆಸರುಗದ್ದೆಯ ಮಾತು ಯಾಕೆ ಎಂದು ನಾಚಿಕೆಯಾಗಿ ಸುಮ್ಮನಾದೆ. ಪದವಿ ಪಡೆದವರಿಗೆ ಇಂಥ ನಾಚಿಕೆಗಳು ಬಹಳ.

ಒಂಬತ್ತನೇ ತರಗತಿಯ ಮಕ್ಕಳಿಗೆಲ್ಲ ಬುದ್ಧಿಶಕ್ತಿಯ ಪರೀಕ್ಷೆ ನಿಗದಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಸಂಶೋಧಕರು ಮಳವಳ್ಳಿ ತಲುಪಬೇಕಾಗಿದ್ದರಿಂದ ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ. ಒಂದು ಗಂಟೆ ಅವಧಿ, ಸರಿಯೆನಿಸಿದ ಉತ್ತರದ ಮುಂದೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಬೆಸಗರಹಳ್ಳಿ ಕಡೆಯಿಂದ ಮಕ್ಕಳನ್ನು ತರುವ ಬಸ್ಸು ಬೆಳಿಗ್ಗೆ ಒಂದೇ ಒಂದು. ಅದು ಮದ್ದೂರು ಮುಟ್ಟುವುದು ಒಂಬತ್ತೂಮುಕ್ಕಾಲಿಗೆ. ಶಾಲೆ ಹತ್ತೂವರೆಗೆ ಶುರುವಾಗುವುದರಿಂದ ಈ ಸಂಗತಿ ಅದುವರೆಗೂ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಅವತ್ತು ಬಸ್ಸಿನ ಮಕ್ಕಳು ಏದುಸಿರು ಬಿಡುತ್ತಾ ಓಡಿ ಬಂದಾಗ ಉಳಿದದ್ದು ಹತ್ತೇ ನಿಮಿಷ. ಇವರಿಗೆ ಹೆಚ್ಚು ಸಮಯ ಕೊಡಬಹುದೇ ಎಂದು ಸತ್ಯಪ್ರಕಾಶರನ್ನು ಕೇಳಿದೆ. "ಸಮಯ ಎಲ್ಲರಿಗೂ ಒಂದೇ ಇರಬೇಕು. ಅದೇ ವೈಜ್ಞಾನಿಕತೆ" ಎಂದರು. ಕೈಯತ್ತ ನೋಡಿದೆ, ಹತ್ತಾಗಿತ್ತು. ನನ್ನ ಗಡಿಯಾರದಲ್ಲಿ ಹತ್ತು ಎಂದರೆ ನಿಜಕ್ಕೂ ಇನ್ನೂ ಐದು ನಿಮಿಷ ಬಾಕಿ. ಕಡೆಯ ಬೆಂಚಿನಲ್ಲಿ ಪುಟ್ಟತಾಯಮ್ಮ ಎಂಬ ಹುಡುಗಿ ಹಾಳೆಯ ಮೇಲೆ ಬಗ್ಗಿಕೊಂಡು ಗುರುತು ಹಾಕುತ್ತಿದ್ದಳು. "ಇನ್ನೊಸಿ ಟೈಮ್ ಕೊಡಿ ಸಾ, ಇನ್ನೊಸಿ" ಎಂದಳು. ನಾನು ಅವಳ ಕೈಕೆಳಗಿನಿಂದ ಹಾಳೆಯನ್ನು ಎಳೆದುಕೊಂಡೆ.

ತಿಂಗಳು ಕಳೆದ ಮೇಲೆ ಬೆಂಗಳೂರಿನಿಂದ ಪಟ್ಟಿ ಬಂತು. ಎರಡೂ ಅಂಚಿಗೆ ತೂತಿದ್ದ, ಪಂಚೆಯಷ್ಟು ಅಗಲದ ಕಾಗದ, ಉತ್ತರ ಎಣಿಸಿ ಗುಂಪು ಹಂಚಿದ ಕಂಪ್ಯೂಟರೇ ಅಚ್ಚು ಹಾಕಿದ್ದಂತೆ. ಹೆಡ್‌ಮಾಸ್ತರು ಅದನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದು ತಂದರು. ಎ ಗುಂಪಿಗೆ ಹೆಂಚಿನ ಕೋಣೆ, ಫ್ಯಾನು, ಗಣಿತಕ್ಕೆ ನಾನು. ಡಿ ಗುಂಪಿಗೆ ಹಿತ್ತಲ ಕಡೆಯ ತಗಡಿನ ಶೆಡ್ಡು, ಗಣಿತಕ್ಕೆ ಡ್ರಿಲ್ ಮೇಷ್ಟ್ರು. ಡಿ ಗುಂಪಿಗೆ ಬೀಜಗಣಿತ ಬೇಡ, ಕೂಡುವುದು ಕಳೆಯುವುದು ಗಟ್ಟಿಯಾದರೆ ಸಾಕು ಎಂದು ಪಟ್ಟಿಯ ಜೊತೆಗೆ ಅಪ್ಪಣೆಯೂ ಬಂದಿತ್ತು. ಡ್ರಿಲ್ ಮೇಷ್ಟ್ರು ಪ್ರಾಮಾಣಿಕ ಮನುಷ್ಯ. ಕಳೆಯುವ ಲೆಕ್ಕದಲ್ಲಿ ತಾವೇ ದಾರಿ ತಪ್ಪಿದಾಗ ಮಕ್ಕಳನ್ನು ಕಬಡ್ಡಿಗೆ ಬಿಡುತ್ತಿದ್ದರು.

ಪಟ್ಟಿಯಲ್ಲಿ ಇನ್ನೊಂದು ವಿಶೇಷವಿತ್ತು. ನಿಡಘಟ್ಟದ ಮಕ್ಕಳೆಲ್ಲ ಎ ಅಥವಾ ಬಿ. ಬೆಸಗರಹಳ್ಳಿ ಕಡೆಯವರು ಬಹುಪಾಲು ಡಿ. ಸತ್ಯಪ್ರಕಾಶರು ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆಯುತ್ತಿದ್ದರು. ನಿಡಘಟ್ಟ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿದೆ, ಹೆದ್ದಾರಿಯಲ್ಲಿ ನಾಗರಿಕತೆ ಹರಿಯುತ್ತದೆ, ಅದರ ದಡದಲ್ಲಿ ಬೆಳೆದ ಮಕ್ಕಳ ಮಿದುಳು ಸಹಜವಾಗಿಯೇ ಚುರುಕು ಎಂಬುದು ಅವರ ಸಿದ್ಧಾಂತ. ನಾನು ತಲೆದೂಗಿದೆ. ಹೆದ್ದಾರಿಯಲ್ಲಿ ಹರಿಯುವುದು ನಾಗರಿಕತೆಯಲ್ಲ, ಬಸ್ಸು ಎಂಬುದು ಗಣಿತದಲ್ಲಿ ಪದವಿ ಪಡೆದ ನನ್ನ ತಲೆಗೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೊಳೆದದ್ದನ್ನು ನೋಡದ ಹಾಗೆ ಫ್ಯಾನಿನ ಕೆಳಗೆ ಕೂತಿದ್ದೆ.

ಒಂದು ಸೋಮವಾರ ಪುಟ್ಟತಾಯಮ್ಮನ ಅಪ್ಪ ಬೋರಯ್ಯ ಶಾಲೆಗೆ ಬಂದರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲದ ಹದ ನೋಡುವ ಕೆಲಸ ಅವರದು. ಮಗಳು ಹಿಂದೆ ನಿಂತಿದ್ದಳು.

"ಮೇಷ್ಟ್ರೇ, ಡಿ ಅಂದ್ರೆ ದಡ್ಡಿ ಅಂತ ತಾನೆ?" ಎಂದರು.

"ಹಾಗೇನಿಲ್ಲ, ಅದು ಬರೀ ಅಕ್ಷರ" ಎಂದೆ.

"ಬರೀ ಅಕ್ಸರ ಆದ್ರೆ ಊರೋರೆಲ್ಲ ಯಾಕ್ ನಗ್ತಾರೆ? ಮಿಸಿನ್ನೇ ಯೋಳ್ಬುಡ್ತಂತಲ್ಲ ನನ್ ಮಗ್ಳು ದಡ್ಡಿ ಅಂತ. ಟೀಸಿ ಕೊಟ್ಬುಡಿ. ಅತ್ಲಾಗೆ ಒಂದ್ ಗಂಡು ನೋಡ್ತೀನಿ."

ಟಿ.ಸಿ. ಬರೆದುಕೊಡುವ ಕೆಲಸವೂ ನನ್ನ ಪಾಲಿನದೇ, ಪುಸ್ತಕ ಮೇಜಿನ ಮೇಲೇ ಇತ್ತು. ನಾನು ಪೆನ್ನಿನ ಮುಚ್ಚಳವನ್ನೂ ತೆಗೆದೆ. ಈಗ ನೆನೆದರೆ ಮೈ ಉರಿಯುತ್ತದೆ. ಅಷ್ಟರಲ್ಲಿ ಹುಡುಗಿ ಮುಂದೆ ಬಂದು ತನ್ನ ನೋಟುಪುಸ್ತಕದ ಒಂದು ಹಾಳೆ ತೆರೆದು ನನ್ನ ಮುಂದಿಟ್ಟಳು.

"ಇದ್ನೊಸಿ ನೋಡಿ ಸಾ."

ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಪರೀಕ್ಷೆಯ ದಿನ ಬಸ್ಸಿನಲ್ಲಿ ಬಂದವರ ಹೆಸರು, ಹತ್ತೊಂಬತ್ತು. ಬಲಗಡೆ ಅವರವರ ಗುಂಪು. ಡಿ, ಡಿ, ಡಿ ಎಂದು ಮೇಲಿನಿಂದ ಕೆಳಗಿನವರೆಗೆ ಇಳಿದಿತ್ತು. ಒಂದು ಕಡೆ ಮಾತ್ರ ಎ. ಅದು ಹಿಂದಿನ ದಿನವೇ ಮದ್ದೂರಿನ ಅಜ್ಜಿಯ ಮನೆಗೆ ಬಂದು ಉಳಿದಿದ್ದ ಹುಡುಗಿ, ಅವಳ ಹೆಸರು ತಪ್ಪಾಗಿ ಸೇರಿದೆ ಎಂದು ಆ ಸಾಲನ್ನು ಪುಟ್ಟತಾಯಮ್ಮ ತಾನೇ ಹೊಡೆದುಹಾಕಿದ್ದಳು. ಬೀಜಗಣಿತಕ್ಕೆ ಅರ್ಹಳಲ್ಲ ಎನ್ನಿಸಿಕೊಂಡವಳು ಎಷ್ಟು ಅಚ್ಚುಕಟ್ಟಾಗಿ ಲೆಕ್ಕ ಹಾಕಿದ್ದಳೆಂದರೆ, ಪಂಚೆಯಗಲದ ಆ ಕಾಗದಕ್ಕಿಂತ ಹೆಚ್ಚಿನ ಸತ್ಯ ಅವಳ ಅರ್ಧ ಹಾಳೆಯಲ್ಲಿತ್ತು.

ಹಾಳೆ ಹಿಡಿದು ಹೆಡ್‌ಮಾಸ್ತರ ಹತ್ತಿರ ಹೋದೆ. ಅವರು ಅದನ್ನು ಮುಟ್ಟಲೂ ಇಲ್ಲ. "ಯಂತ್ರಕ್ಕೆ ಬಸ್ಸಿನ ಮೇಲೆ ಏನ್ರೀ ದ್ವೇಷ? ಅದು ನಮ್ಮ ನಿಮ್ಮ ಹಾಗೆ ಪಕ್ಷಪಾತ ಮಾಡುತ್ತದೆಯೇ?" ಎಂದರು. ಹೊರಗೆ ಬಂದು ಬೋರಯ್ಯನವರಿಗೆ ಬಸ್ಸಿನ ಮಕ್ಕಳಿಗೆ ಪರೀಕ್ಷೆಯಲ್ಲಿ ಸಮಯವೇ ಸಿಗದಿದ್ದದ್ದನ್ನೂ ಹೆಡ್‌ಮಾಸ್ತರ ಮಾತನ್ನೂ ಹೇಳಿದೆ. ಅವರು ಮಗಳನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದರು.

"ಟೀಸಿ ಈಗ್ಲೇ ಬ್ಯಾಡ ಬುಡಿ" ಎಂದರು. "ಆ ಬೆಂಗ್ಳೂರ್ ಸ್ವಾಮಿ ಇನ್ಯಾವಾಗ ಬತ್ತಾರೆ?"

"ಶುಕ್ರವಾರ" ಎಂದೆ.

ಶುಕ್ರವಾರ ಬೆಳಿಗ್ಗೆ ಅದೇ ಬಸ್ಸಿನಿಂದ ಮಕ್ಕಳ ಜೊತೆಗೆ ಅಪ್ಪಂದಿರೂ ಇಳಿದರು, ಕೆಲವು ಅವ್ವಂದಿರೂ. ಶಾಲೆಯ ಜಗಲಿ ತುಂಬಿತು. ಸತ್ಯಪ್ರಕಾಶರು ಹೆಡ್‌ಮಾಸ್ತರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಬೋರಯ್ಯ ಬಾಗಿಲಲ್ಲಿ ನಿಂತು ಕೈ ಮುಗಿದರು.

"ಸ್ವಾಮಿ, ನಂದು ಬೆಲ್ಲದ್ ಕೆಲ್ಸ. ಒಂದ್ ಮಾತ್ ಕೇಳ್ತೀನಿ. ಹದ ಬರೋಕ್ ಮುಂಚೇನೆ ಒಲೆ ಮ್ಯಾಲಿಂದ ಕೊಪ್ರಿಗೆ ಇಳಿಸ್ಬುಟ್ಟು, ಇದು ಬೆಲ್ಲ ಆಗ್ನಿಲ್ಲ ಅಂದ್ರೆ, ತಪ್ಪು ಕಬ್ಬಿಂದಾ, ಇಳಿಸ್ದೋನ್ದಾ?"

ಸಂಶೋಧಕರಿಗೆ ಅರ್ಥವಾಗಲಿಲ್ಲ. ಹೆಡ್‌ಮಾಸ್ತರಿಗೆ ಅರ್ಥವಾದರೂ ಆಗದವರ ಹಾಗೆ ಕೂತರು. ಆಗ ನನ್ನ ಬಾಯಿಂದ ಮಾತು ಬಂತು. ಧೈರ್ಯದಿಂದ ಬಂತು ಎಂದರೆ ಸುಳ್ಳಾಗುತ್ತದೆ. ಹಿಂದಿನಿಂದ ಜನ ಒತ್ತುತ್ತಿದ್ದರು, ನಾನು ಹೊಸಿಲು ದಾಟಿ ಒಳಕ್ಕೆ ಬಂದುಬಿಟ್ಟಿದ್ದೆ, ಏನಾದರೂ ಹೇಳಲೇಬೇಕಾಗಿತ್ತು.

"ಇಳಿಸಿದವನು ನಾನು" ಎಂದೆ. "ಈ ಮಕ್ಕಳಿಗೆ ಸಿಕ್ಕಿದ್ದು ಹತ್ತು ನಿಮಿಷವೂ ಅಲ್ಲ, ಐದು. ನನ್ನ ಗಡಿಯಾರ ಐದು ನಿಮಿಷ ಮುಂದಿತ್ತು. ಗೊತ್ತಿದ್ದೂ ಹಾಳೆ ಕಿತ್ತುಕೊಂಡೆ."

ಸತ್ಯಪ್ರಕಾಶರು ಪುಟ್ಟತಾಯಮ್ಮನ ಪಟ್ಟಿಯನ್ನು ಎರಡು ಸಲ ಓದಿದರು. ಮುಖ ಬಿಳಿಚಿಕೊಂಡಿತು. ಹೆದ್ದಾರಿಯ ನಾಗರಿಕತೆಯ ಮೇಲೆ ಆಗಲೇ ನಲವತ್ತು ಪುಟ ಟೈಪಾಗಿತ್ತಂತೆ. ಕೊನೆಗೆ, "ಸಂಶೋಧನೆಯಲ್ಲಿ ಇಂಥ ಮಿತಿಗಳು ಇದ್ದೇ ಇರುತ್ತವೆ. ಇದನ್ನು ಅಡಿಟಿಪ್ಪಣಿಯಲ್ಲಿ ಹಾಕುತ್ತೇನೆ" ಎಂದರು.

"ಅಡಿಗಾದ್ರೂ ಆಕಿ, ಮುಡಿಗಾದ್ರೂ ಆಕಿ" ಎಂದರು ಬೋರಯ್ಯ. "ನಮ್ ಮಕ್ಳ ಆ ತಗಡಿನ್ ಕೊಟ್ಗೆಯಿಂದ ಈಚೆಗ್ ಬುಡಿ."

ಹೆಡ್‌ಮಾಸ್ತರ ವೈಜ್ಞಾನಿಕ ಮನೋಭಾವ ಜಗಲಿಯ ಮೇಲಿನ ತಲೆಗಳ ಸಂಖ್ಯೆಗೆ ತಕ್ಕಂತೆ ಏರಿಳಿಯುವಂಥದ್ದು. ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ, ಗುಂಪುಗಳನ್ನು ಅಂದೇ ರದ್ದು ಮಾಡಿದರು. ಹಾಜರಿ ಪುಸ್ತಕದ ಸರಿಸಂಖ್ಯೆಯವರು ಒಂದು ಕಡೆ, ಬೆಸಸಂಖ್ಯೆಯವರು ಇನ್ನೊಂದು ಕಡೆ ಎಂದು ಎರಡು ವಿಭಾಗವಾಯಿತು. ಶೆಡ್ಡು ಮತ್ತೆ ಮುರಿದ ಬೆಂಚುಗಳ ಪಾಲಾಯಿತು. ಡ್ರಿಲ್ ಮೇಷ್ಟ್ರು ನನ್ನ ಕೈ ಹಿಡಿದು ಕುಲುಕಿದರು. ಈ ಸಂಶೋಧನೆಯಿಂದ ನಿಜವಾಗಿ ಬಿಡುಗಡೆ ಪಡೆದವರು ಅವರೇ ಇರಬೇಕು. ಸತ್ಯಪ್ರಕಾಶರಿಗೆ ಮುಂದೆ ಡಾಕ್ಟರೇಟೂ ಬಂತು. ಹೆದ್ದಾರಿಯ ಅಧ್ಯಾಯ ಅದರಲ್ಲಿ ಉಳಿಯಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಪುಟ್ಟತಾಯಮ್ಮ ಜಿಲ್ಲೆಗೇ ಮೊದಲು ಬಂದಳು ಎಂದು ಬರೆದರೆ ನಿಮಗೂ ಖುಷಿ, ನನಗೂ ಸಲೀಸು. ಅವಳು ಬರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ದರ್ಜೆಯಲ್ಲಿ ಪಾಸಾದಳು, ಗಣಿತದಲ್ಲಿ ಐವತ್ತೆಂಟು. ಬೀಜಗಣಿತ ಕಲಿಯುವುದಕ್ಕೆ ಮಹಾ ಮೇಧಾವಿಯೇ ಆಗಿರಬೇಕೆಂದು ಕಾನೂನೇನಿಲ್ಲ. ಕಲಿಯುತ್ತೇನೆ ಎಂದು ದಿನಾ ಬಸ್ಸು ಹತ್ತಿ ಬಂದರೆ ಸಾಕು. ಮಂಡ್ಯದಲ್ಲಿ ಕಾಲೇಜು ಸೇರುವುದಕ್ಕೆ ಟಿ.ಸಿ. ಬೇಕೆಂದು ಅಪ್ಪನ ಜೊತೆ ಬಂದಳು. ಈ ಸಲ ನಾನು ಸಂತೋಷದಿಂದ ಪುಸ್ತಕ ತೆಗೆದೆ. ಬೋರಯ್ಯ ಎಲೆ ಅಡಿಕೆ ಉಗಿಯಲು ಹೊರಗೆ ಹೋದದ್ದನ್ನೇ ಕಾಯುತ್ತಿದ್ದವಳ ಹಾಗೆ ಕೇಳಿದಳು.

"ಸಾ, ನಿಮ್ಗೆ ಮೊದ್ಲಿಂದ್ಲೂ ಗೊತ್ತಿತ್ತಲ್ವಾ, ನಮ್ಗೆ ಟೈಮ್ ಸಾಲ್ನಿಲ್ಲ ಅಂತ? ಯಾಕ್ ಸಾ ತಿಂಗ್ಳುಗಟ್ಲೆ ಸುಮ್ಕಿದ್ರಿ?"

ಎರಡು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಮೇಷ್ಟ್ರುಗಳ ಬಳಿ ಇಂಥದ್ದಕ್ಕೆ ನೂರು ಉತ್ತರ ಇರುತ್ತವೆ. ಅವನ್ನೆಲ್ಲ ಬದಿಗಿಟ್ಟೆ.

"ಹೆದರಿಕೆ ಕಣಮ್ಮ" ಎಂದೆ.

"ಯಾರ್ಗೆ ಸಾ?"

ನಾನು ನಿಜವಾಗಿಯೂ ಯೋಚಿಸಿದೆ. ಹೆಡ್‌ಮಾಸ್ತರಿಗೆ ಹೆದರಿದ್ದೆನೇ? ಅವರು ನಿವೃತ್ತರಾಗಿ ಆರು ತಿಂಗಳಾಗಿತ್ತು, ದಿನಾ ಸಂಜೆ ನನ್ನ ಜೊತೆ ವಾಕಿಂಗಿಗೆ ಬರುತ್ತಿದ್ದರು. ಸತ್ಯಪ್ರಕಾಶರಿಗೆ ಹೆದರಿದ್ದೆನೇ? ನನ್ನ ಕೆಲಸ ತೆಗೆಯುವುದಿರಲಿ, ನನ್ನ ಹೆಸರೂ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ಎನ್ನೋಣವೆಂದರೆ ಅದನ್ನು ನಾನು ಕಂಡೇ ಇರಲಿಲ್ಲ.

"ಯಾರಿಗೆ ಅಂತ ಎಷ್ಟು ಯೋಚಿಸಿದರೂ ಗೊತ್ತಾಗ್ತಾ ಇಲ್ಲ ಕಣಮ್ಮ" ಎಂದೆ.

ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ತಡೆಯಲಾರದೆ ಸೆರಗು ಬಿಟ್ಟು ಜೋರಾಗಿಯೇ ನಕ್ಕಳು. ನಾನೂ ನಕ್ಕು, ರುಜು ಹಾಕಿ ಕೊಟ್ಟೆ.