ತೇಗೊ ಹೊಳೆಗೆ ವಂಬುಯಿ ಕಟ್ಟಿದ ನೊಣ

ಫೆಬ್ರವರಿಯ ಕೊನೆಯ ಶನಿವಾರ, ಬೆಳಿಗ್ಗೆ ಐದೂವರೆಗೆ ನೈರೋಬಿಯ ಸ್ಪ್ರಿಂಗ್ ವ್ಯಾಲಿಯ ಮನೆಯಿಂದ ಹೊರಟೆ. ಹೆಂಡತಿ ಸುಧಾ ಚಿತ್ರಾನ್ನದ ಡಬ್ಬಿ, ಫ್ಲಾಸ್ಕು, ಎರಡು ಸ್ವೆಟರ್ ಎಲ್ಲವನ್ನೂ ಕಾರಿಗೆ ತುಂಬಿ, ರೂಢಿಯ ಮಂಗಳಾರತಿಯನ್ನೂ ಮಾಡಿದಳು.

"ತಿನ್ನೋದೂ ಇಲ್ಲ, ಸಾಯ್ಸೋದೂ ಇಲ್ಲ. ಮೀನು ಹಿಡಿದು ವಾಪಸ್ ಬಿಡೋದಕ್ಕೆ ನೂರೈವತ್ತು ಕಿಲೋಮೀಟರ್ ಡ್ರೈವ್! ನೊಣ ಹೊಡ್ಕೊಂಡು ಕೂರೋರನ್ನ ನೋಡಿದೀನಿ, ನೊಣ ಇಟ್ಕೊಂಡು ಊರೂರು ಸುತ್ತೋರು ನೀವೊಬ್ರೇ."

"ಇವತ್ತು ನನಗೋಸ್ಕರ ಅಲ್ಲ ಕಣೇ."

"ಗೊತ್ತು. ಅದಕ್ಕೇ ಚಿತ್ರಾನ್ನ ಜಾಸ್ತಿ ಹಾಕಿದೀನಿ."

ಪ್ರಯಾಣ ವಂಬುಯಿಗಾಗಿ. ಟ್ರೌಟ್ ಮೀನನ್ನು ಹಿಡಿಯುವವರಲ್ಲಿ ಒಂದು ಹುಚ್ಚರ ಪಂಗಡವಿದೆ. ಇವರು ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ. ಸಣ್ಣ ಕೊಕ್ಕೆಯ ಮೇಲೆ ಕೋಳಿಗರಿ, ನವಿಲುಗರಿಯ ಎಳೆ, ಮೊಲದ ಕೂದಲು ಸುತ್ತಿ, ಹೊಳೆಯ ಕೀಟದಂತೆ ಕಾಣುವ ನಕಲಿ ನೊಣ ಮಾಡಿ ನೀರಿನ ಮೇಲೆ ತೇಲಿಬಿಡುತ್ತಾರೆ. ಪರದೇಶದ ಹುಚ್ಚರಿಗೆ ಬೇಕಾದ ಇಂಥ ನೊಣಗಳನ್ನು ನೈರೋಬಿಯ ಸಣ್ಣ ವರ್ಕ್‌ಶಾಪುಗಳಲ್ಲಿ ಹೆಂಗಸರು ಕೂತು ಕಟ್ಟುತ್ತಾರೆ. ವಂಬುಯಿ ಅಂಥದೊಂದು ಕಡೆ ಇಪ್ಪತ್ತಾರು ವರ್ಷ ಕಟ್ಟಿದವಳು. ನಾನು ಮ್ಯಾನೇಜರಾಗಿದ್ದ ಪ್ಲಾಸ್ಟಿಕ್ ಕಾರ್ಖಾನೆಯಿಂದ ಅವರಿಗೆ ಪುಟ್ಟ ಡಬ್ಬಿಗಳು ಹೋಗುತ್ತಿದ್ದವು, ಹಾಗೆ ಪರಿಚಯ. ಆಕೆ ತಮಾಷೆಗೆ ಕೊಟ್ಟ ಎರಡು ನೊಣಗಳಿಂದಲೇ ನನಗೆ ಈ ಚಟ ಹತ್ತಿದ್ದು. ಆಮೇಲೆ ಒಂಬತ್ತು ವರ್ಷ, ನಾನು ಹೊಳೆಯಿಂದ ಬಂದಾಗಲೆಲ್ಲ ವಿಚಾರಣೆ ಮಾಡುತ್ತಿದ್ದಳು. ಮೀನು ಹೇಗೆ ಬಂತು? ಮೇಲಿಂದ ಕಚ್ಚಿತೋ, ಕೆಳಗಿಂದ ಹೀರಿತೋ? ನಾನು ಬಣ್ಣಿಸಿದ್ದೇ ಬಣ್ಣಿಸಿದ್ದು. ಆಕೆ ಟ್ರೌಟ್ ಹೊಳೆಯನ್ನೇ ಕಂಡಿಲ್ಲವೆಂದು ನಾನು ತಿಳಿದುಕೊಂಡದ್ದು ಕೊನೆಯ ವರ್ಷದಲ್ಲಿ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹತ್ತಿರದ ನೋಟ ಮಂಜಾದ್ದರಿಂದ ಆಕೆ ತಿಂಗಳ ಕೊನೆಗೆ ಕೆಲಸ ಬಿಟ್ಟು ಮೊಂಬಾಸಾದ ಮಗಳ ಮನೆಗೆ ಹೊರಟಿದ್ದಳು. ಅಲ್ಲಿ ಸಮುದ್ರವಿದೆ, ಟ್ರೌಟ್ ಇಲ್ಲ. ಏಪ್ರಿಲ್‌ನಲ್ಲಿ ನಾನೂ ಮೈಸೂರಿಗೆ ಗಂಟುಮೂಟೆ ಕಟ್ಟಬೇಕಿತ್ತು. ಮಾರ್ಚಿನಲ್ಲಿ ದೊಡ್ಡ ಮಳೆ ಹಿಡಿಯಿತೆಂದರೆ ಮೌಂಟ್ ಕೆನ್ಯಾದ ಹೊಳೆಗಳೆಲ್ಲ ಕೆಂಪಗಾಗಿ, ಜೂನ್‌ವರೆಗೆ ಮೀನಿಗೆ ನೊಣ ಕಾಣುವುದೇ ಇಲ್ಲ. "ನಾನು ಕಟ್ಟಿದ್ದನ್ನ ಒಂದು ಮೀನು ತಿನ್ನೋದು ನೋಡ್ಬೇಕು. ಒಂದೇ ಸಲ ಸಾಕು," ಎಂದಿದ್ದಳು. ನಮಗೆ ಸಿಕ್ಕಿದ್ದು ಆ ಒಂದು ಶನಿವಾರ.

ತನ್ನ ಮನೆಯಿರುವ ಕಸರಾನಿಯಲ್ಲಿ ತಿರುವಿನ ಹತ್ತಿರ ವಂಬುಯಿ ಚರ್ಚಿಗೆ ಹೋಗುವ ಉಡುಪಿನಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿ ನೊಣ ಕಟ್ಟುವ ಪುಟ್ಟ ಇಕ್ಕಳ, ದಾರ, ಬ್ಲೇಡು. "ಇದ್ಯಾಕೆ?" ಎಂದೆ. "ಇಪ್ಪತ್ತಾರು ವರ್ಷದಿಂದ ಇದಿಲ್ಲದೆ ಮನೆ ಬಿಟ್ಟಿಲ್ಲ," ಎಂದಳು. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿ. ನನ್ನ ಸ್ವಾಹಿಲಿಗೆ ಆಕೆ ನಗುತ್ತಿದ್ದ ರೀತಿಯನ್ನು ಮಾತ್ರ ಕನ್ನಡಕ್ಕೆ ತರಲಾರೆ.

ಥೀಕಾ ರಸ್ತೆಯಲ್ಲಿ ಮಟಾಟು ವ್ಯಾನುಗಳ ಹಾವಳಿ ಇನ್ನೂ ಶುರುವಾಗಿರಲಿಲ್ಲ. ಮಕುಟಾನೊದಲ್ಲಿ ನಿಲ್ಲಿಸಿ ಐವತ್ತು ಶಿಲ್ಲಿಂಗ್‌ಗೆ ಒಂದರಂತೆ ಎರಡು ಚಹಾ ಕುಡಿದೆವು. ಸುಧಾಳ ಅಪ್ಪಣೆಯಂತೆ ಬರುವಾಗ ಅಲ್ಲೇ ಮ್ವೇಯಾ ಅಕ್ಕಿ ಕೊಳ್ಳಬೇಕೆಂದು ಗುರುತಿಟ್ಟುಕೊಂಡೆ. ಒಂಬತ್ತು ವರ್ಷ ನಮ್ಮ ಮನೆಯ ಪುಳಿಯೋಗರೆ ಘಮಘಮಿಸಿದ್ದು ಆ ಅಕ್ಕಿಯಿಂದ. ಕಾರಟಿನಾ ದಾಟಿ, ಚಹಾ ತೋಟಗಳ ಪಕ್ಕದ ಮಣ್ಣುದಾರಿಯಲ್ಲಿ ಕುಲುಕಾಡಿ ಮೌಂಟ್ ಕೆನ್ಯಾ ಬುಡದ ತೇಗೊ ಹೊಳೆ ಸೇರಿದಾಗ ಒಂಬತ್ತೂವರೆ. ಚಳಿಗೆ ಎರಡನೆಯ ಸ್ವೆಟರ್ ವಂಬುಯಿ ಪಾಲಾಯಿತು.

ಹೊಳೆ ಕಾಯುವ ಮ್ವಾಂಗಿ ಹಳೆಯ ಗೆಳೆಯ. ನನ್ನ ದಿನದ ಪರವಾನಗಿ ಬರೆದುಕೊಟ್ಟ. ನೀರು ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ವಂಬುಯಿ ದಡದ ತುದಿಗೆ ಬಂದು ಬಗ್ಗಿ ನೋಡಿದಳು. ಮಡುವಿನಲ್ಲಿ ಎರಡು ಟ್ರೌಟ್ ಬಾಲವಾಡಿಸುತ್ತಾ ಒಂದೇ ಕಡೆ ನಿಂತಿರುವುದನ್ನು ತೋರಿಸಿದೆ. ಆಕೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

ಮೊದಲು ಆಕೆ ಆ ದಿನಕ್ಕೆಂದೇ ಕಟ್ಟಿ ತಂದಿದ್ದ ನೊಣ ಹಾಕಿದೆ. ಕೆನೆಬಣ್ಣದ್ದು, ಎತ್ತಿದ ರೆಕ್ಕೆ, ಮೂರು ಬಾಲ. ಸಾವಿರಗಟ್ಟಲೆ ಕಟ್ಟಿ ಕಳಿಸಿದ ಮಾದರಿ. ಸುಡುಬಿಸಿಲು. ಮೀನುಗಳು ಕದಲಲಿಲ್ಲ. ಹನ್ನೆರಡರ ಸುಮಾರಿಗೆ ಒಂದು ಮೀನು ಮೇಲೆದ್ದು ಬಂತು, ನೊಣದ ಕೆಳಗೆ ಮೂತಿಯಿಟ್ಟು ನೋಡಿತು, ತಿರುಗಿ ಹೋಯಿತು.

"ರಿಜೆಕ್ಟ್," ಎಂದಳು ವಂಬುಯಿ. ವರ್ಕ್‌ಶಾಪಿನಲ್ಲಿ ಕೆಟ್ಟ ನೊಣವನ್ನು ಬುಟ್ಟಿಗೆಸೆಯುವಾಗ ಹೇಳುವ ಮಾತು. ನಗಲು ಪ್ರಯತ್ನಿಸಿದಳು, ಆಗಲಿಲ್ಲ.

ಚಿತ್ರಾನ್ನ ತಿನ್ನುವಾಗ ಆಕೆಯ ಮನಸ್ಸು ತಿರುಗಿಸಲೆಂದು ನಮ್ಮಜ್ಜಿಯ ಕಥೆ ಹೇಳಿದೆ. ನಂಜನಗೂಡಿನಲ್ಲಿ ಕಪಿಲೆಯ ಮೆಟ್ಟಿಲ ಮೇಲೆ ಕೂತು ಅಜ್ಜಿ ಪುರಿ ಎಸೆಯುತ್ತಿದ್ದರೆ ನೀರೆಲ್ಲ ಬಾಯಿಬಾಯಿ. ನಮ್ಮ ವಂಶದವರೆಲ್ಲ ಮೀನಿಗೆ ಪುರಿ ಹಾಕಿದವರು. ಗಾಳ ಹಾಕಿದವನು ನಾನೊಬ್ಬನೇ. ಈಗ ಅದೇ ಮೆಟ್ಟಿಲ ಮೇಲೆ ಕೂತರೆ ನನಗೆ ಅಜ್ಜಿಗಿಂತ ಮೊದಲು ತೇಗೊ ನೆನಪಾಗುತ್ತದೆ. ಅಲ್ಲಿದ್ದಾಗ ಇಲ್ಲಿಯದು, ಇಲ್ಲಿದ್ದಾಗ ಅಲ್ಲಿಯದು, ನೆನಪಿಗೆ ನಿಯತ್ತೆಂಬುದಿಲ್ಲ.

ಒಂದೂವರೆಗೆ ಬೆಟ್ಟದ ಕಡೆಯಿಂದ ಮೋಡ ಇಳಿಯಿತು. ಮ್ವಾಂಗಿ ತಲೆಯೆತ್ತಿ ನೋಡಿ, "ಇನ್ನೊಂದು ಗಂಟೆ ಅಷ್ಟೆ. ಆಮೇಲೆ ಮಳೆ, ಆಮೇಲೆ ಹೊಳೆ ಮುಗೀತು," ಎಂದ. ಆದರೆ ಬಿಸಿಲು ಹೋದದ್ದೇ ತಡ, ನೀರಿನಿಂದ ಕೀಟಗಳು ಏಳತೊಡಗಿದವು. ತಳದಲ್ಲಿ ಮರಿಯಾಗಿ ಬೆಳೆದವು ಮೇಲೆ ಬಂದು, ಪೊರೆ ಕಳಚಿ, ರೆಕ್ಕೆ ಒಣಗಿಸಿಕೊಂಡು ಹಾರುತ್ತವೆ. ಬದುಕುವುದು ಒಂದೆರಡು ದಿನ. ಮೋಡದ ಮಂಕುಬೆಳಕೆಂದರೆ ಅವಕ್ಕೆ ಹಬ್ಬ, ಮೀನಿಗೆ ಅದಕ್ಕಿಂತ ದೊಡ್ಡ ಹಬ್ಬ. ಮಡುವಿನ ತುಂಬ ಉಂಗುರಗಳೆದ್ದವು.

ಒಂದು ಕೀಟ ವಂಬುಯಿಯ ತೋಳಿನ ಮೇಲೆ ಕೂತಿತು. ಆಕೆ ಕೈಯನ್ನು ಉದ್ದಕ್ಕೆ ದೂರ ಹಿಡಿದು ನೋಡಿದಳು.

"ಬಾಲ ಎರಡೇ! ಬಣ್ಣ ಬೂದಿ. ಅಕ್ಕಿಕಾಳಿನಷ್ಟು ಇದೆ. ಇಷ್ಟು ವರ್ಷ ನಾನು ಕಟ್ಟಿದ್ದು ಯಾರ ಊರಿನ ಹುಳ?"

ವರ್ಕ್‌ಶಾಪಿಗೆ ಸ್ಯಾಂಪಲ್ ಬರುತ್ತಿದ್ದುದು ಇಂಗ್ಲೆಂಡಿನಿಂದ. ಆ ಊರಿನ ಹುಳ ಇಲ್ಲಿಯ ಮೀನಿಗೆ ಹೇಗೆ ಗೊತ್ತಿರಬೇಕು? ನನಗಾದರೂ ಹೊಳೆಯುವುದು ಬೇಡವೇ? ವಂಬುಯಿ ಆಗಲೇ ಮ್ವಾಂಗಿಯ ಬೆಂಚಿಗೆ ಇಕ್ಕಳ ಬಿಗಿಯುತ್ತಿದ್ದಳು. ನನ್ನ ಪೆಟ್ಟಿಗೆಯ ಅತಿ ಸಣ್ಣ ನೊಣವೊಂದನ್ನು ಬ್ಲೇಡಿನಿಂದ ಬೋಳಿಸಿ ಬರೀ ಕೊಕ್ಕೆ ಮಾಡಿದಳು. ಬೂದುಬಣ್ಣದ ಗರಿ? ಮ್ವಾಂಗಿಯ ಬೂದು ಹುಂಜ ಅಲ್ಲೇ ಕೆದಕುತ್ತಿತ್ತು. ಅದರ ಒಪ್ಪಿಗೆ ಕೇಳುವಷ್ಟು ಹೊತ್ತಿರಲಿಲ್ಲ.

"ನಾನು ಹಿಡ್ಕೊಳ್ಳಲಾ?" ಎಂದೆ.

"ಮುಟ್ಟಬೇಡಿ."

ಹತ್ತಿರದ್ದು ಕಾಣದ ಮೇಲೆ ನೋಡುವುದೇಕೆಂದು ಕಣ್ಣು ಮುಚ್ಚಿಯೇ ದಾರ ಸುತ್ತಿದಳು. ಕೊನೆಯ ಗಂಟಿಗೆ ದಾರ ತುಂಡಾಗಿ ಗರಿಯೆಲ್ಲ ಬಿಚ್ಚಿಕೊಂಡಿತು. ಮೊದಲ ಹನಿ ಬೆಂಚಿನ ಮೇಲೆ ಬಿತ್ತು. ಹುಂಜ ಇನ್ನೊಂದು ಗರಿ ಕಳೆದುಕೊಂಡಿತು. ಎರಡನೆಯ ಸಲ ಗಂಟು ನಿಂತಿತು.

ಗಾಳದ ಕೋಲನ್ನು ಆಕೆಗೇ ಕೊಡಹೋದೆ. "ನೀವೇ ಹಾಕಿ. ನನಗೆ ನೋಡೋ ಕೆಲಸ ಇದೆ." ನೊಣ ಬಂಡೆಯ ಪಕ್ಕ ಇಳಿದು, ಒಂದು ಮಾರು ತೇಲಿತು. ನೀರು ಬಾಯಿ ತೆರೆದು ಮುಚ್ಚಿತು. ನೊಣವಿರಲಿಲ್ಲ.

ಎಳೆದೆ. ಮೀನು ಒಮ್ಮೆ ಪೂರ್ತಿ ಗಾಳಿಗೆ ನೆಗೆಯಿತು. ಒಂದು ಗೇಣಿಗಿಂತ ನಾಲ್ಕು ಬೆರಳು ಹೆಚ್ಚಿದ್ದೀತು. ಮರುಕ್ಷಣ ಬೇರುಗಳ ಸಂದಿಗೆ ನುಗ್ಗಿ ಗಾಳದ ದಾರ ಕಡಿದುಕೊಂಡು ಹೋಯಿತು. ಆಕೆ ಅದನ್ನು ಒಮ್ಮೆ ಮುಟ್ಟಿ ನೋಡಲೆಂದು ಎಷ್ಟು ಆಸೆಪಟ್ಟಿದ್ದೆ! ಆ ಕೊಕ್ಕೆಗೆ ಮುಳ್ಳಿಲ್ಲ, ಮೀನಿನ ಬಾಯಿಂದ ತಾನಾಗಿ ಉದುರುತ್ತದೆ ಎಂದು ಮ್ವಾಂಗಿ ಸಮಾಧಾನ ಹೇಳಿದ. "ಪೋಲೆ, ವಂಬುಯಿ," ಎಂದು ಕ್ಷಮೆ ಕೇಳಿದೆ.

"ಪೋಲೆ ಯಾಕೆ? ತಿಂತಲ್ಲ!" ಆಕೆಯ ಕೆನ್ನೆಯ ಮೇಲಿದ್ದದ್ದು ಮಳೆಯಷ್ಟೇ ಆಗಿರಲಿಲ್ಲ. "ಪಕ್ಕದಿಂದ ಬಂದು, ಮೂತಿ ಮೇಲೆ ಮಾಡಿ ತಿಂತು. ನೀವು ಹೇಳ್ತಿದ್ದ ಹಾಗೆ ಅಲ್ವೇ ಅಲ್ಲ. ಇಷ್ಟು ವರ್ಷ ನೀವು ಸರಿಯಾಗಿ ನೋಡೇ ಇಲ್ಲ!"

ಹಿಂದಿರುಗುವಾಗ ಧೋ ಎಂದು ಸುರಿಯಿತು. ಸೇತುವೆ ದಾಟುವ ಹೊತ್ತಿಗೆ ಹೊಳೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅದೇ ನಾನು ತೇಗೊವನ್ನು ಕೊನೆಯ ಸಲ ಕಂಡದ್ದು. ವಂಬುಯಿ ಮೀನಿನ ಮೂತಿಯನ್ನು ಕಾರಟಿನಾವರೆಗೆ ಬಣ್ಣಿಸಿದಳು, ಮಕುಟಾನೊದಲ್ಲಿ ಅಕ್ಕಿ ಅಳೆಯುವವಳಿಗೂ ಬಣ್ಣಿಸಿದಳು.

ಕಸರಾನಿಯಲ್ಲಿ ಮಳೆ ಇರಲಿಲ್ಲ. ಆಕೆಯ ಬಾಗಿಲ ಮುಂದೆ ಪಕ್ಕದ ಮನೆಯಾಕೆ ಬಟ್ಟೆ ತೆಗೆಯುತ್ತಿದ್ದಳು. ಮೀನೆಲ್ಲಿ ಎಂದು ಕೇಳಿದಳು. ತಪ್ಪಿಸಿಕೊಂಡಿತು ಎಂದಳು ವಂಬುಯಿ. ಎಷ್ಟು ದೊಡ್ಡದು? ವಂಬುಯಿ ಚೀಲ ಕೆಳಗಿಟ್ಟು ಎರಡೂ ಕೈಗಳನ್ನು ಒಂದು ಮೊಳದಷ್ಟು ಅಗಲಿಸಿದಳು. ಸಾಲದೆನಿಸಿರಬೇಕು, ಇನ್ನೂ ಅಷ್ಟು ಅಗಲಿಸಿ, ಸಾಕ್ಷಿಗೆಂದು ನನ್ನತ್ತ ನೋಡಿದಳು.

"ಹೌದು, ಅಷ್ಟಿತ್ತು," ಎಂದೆ.

ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಇನ್ನೊಬ್ಬ ನೆರೆಯವಳು ಬಂದಿದ್ದಳು. ವಂಬುಯಿಯ ಕೈಗಳು ಮೊದಲಿಗಿಂತಲೂ ಅಗಲವಾಗಿದ್ದವು.