ದುರಸ್ತಿಗೆ ಕೊಟ್ಟೆನೆಂದ ಪೇಟಿ

ಅಕ್ಕನ ಪೇಟಿಯನ್ನು ನಾನು ದುರಸ್ತಿಗೆ ಕೊಟ್ಟಿರಲಿಲ್ಲ — ಅಂಗಡಿಗೆ ಹಾಕಿ, ಅದರ ಬದಲಿಗೆ ನನಗೊಂದು ಹೊಸ ಪೇಟಿ ತಂದುಕೊಂಡೆ. ಇಷ್ಟು ವರ್ಷ ಈ ಮಾತನ್ನು ಯಾರೆದುರೂ ಆಡಿಲ್ಲ. ಅಕ್ಕನೆದುರು ಅಂತೂ...

ಎಂಬತ್ತನೇ ಇಸವಿ ಆಗಷ್ಟೇ ದಾಟಿದ್ದ ಕಾಲದ ಮಾತು. ನಮ್ಮದು ನವಲಗುಂದದ ಹತ್ತಿರದ ಹಳ್ಳಿ. ಅಕ್ಕ ಗೌರವ್ವ ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಬಂದುಳಿದಿದ್ದಳು. ಅಪ್ಪನ ಹಳೆಯ ಹಾರ್ಮೋನಿಯಂ — ನಮ್ಮ ಕಡೆ ಪೇಟಿ ಅಂತೇವೆ — ಅವಳ ಪಾಲಿಗೆ ಬಂದಿತ್ತು. ಅದರಲ್ಲಿ ಎರಡು ಪಟ್ಟಿ ಒತ್ತಿದರೆ ದನಿಯೇ ಇಲ್ಲ. ಆ ಜಾಗ ಬಂದಾಗ ಅವಳು ಬಾಯಿಂದ ಹಾಡಿ ತುಂಬಿಸುವಳು. ಸಂಜೆ ರೊಟ್ಟಿ ಬಡಿದು ಬಂದು ಕೂತರೆ ಒಂದೇ ಭಜನೆಯ ಪದವನ್ನು ತಿರುತಿರುಗಿ ನುಡಿಸುವಳು. ಬೇಸರ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, ನಿನ್ನೆಗಿಂತ ಇವತ್ತು ಕೈ ಸ್ವಲ್ಪ ಮಾತು ಕೇಳಿತು ಎಂದು ನಕ್ಕಿದ್ದಳು.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಕೂತು ಕಲಿಯುವ ತಾಳ್ಮೆ ಎಂದೂ ಇರಲಿಲ್ಲ. ಕೊಳ್ಳುವ ಚಟ ಮಾತ್ರ ಇತ್ತು. ಬ್ಯಾಂಜೋ ತಂದೆ, ಕೊಳಲು ತಂದೆ, ತಬಲಾ ತಂದೆ. ನಾಲ್ಕು ದಿನ ಬಾರಿಸಿ, ಬರಲಿಲ್ಲವೆಂದರೆ ತಪ್ಪು ವಾದ್ಯದ್ದು — ಇನ್ನೂ ಒಳ್ಳೆಯದು ಬೇಕು. ಮುರುಕು ಪೇಟಿಯ ಮೇಲೂ ಅಕ್ಕ ನುಡಿಸುವುದು ಕಣ್ಣೆದುರೇ ಇತ್ತು. ಅದನ್ನು ನೋಡಿಯೇ ಹೊಟ್ಟೆ ಉರಿಯಿತೋ ಏನೋ —

ಅಕ್ಕ ಕಾಕಾನ ಮಗಳ ಬಾಣಂತನಕ್ಕೆಂದು ಅಣ್ಣಿಗೇರಿಗೆ ಹೋದಾಗ, ಅವಳ ಪೇಟಿಯನ್ನು ಜಮಖಾನದಲ್ಲಿ ಸುತ್ತಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಅಂಗಡಿಯವರು ನನ್ನೆದುರೇ ಅದನ್ನು ಬಿಚ್ಚಿ, ಒಳಗೆ ದನಿ ಹೊರಡಿಸುವ ಹಿತ್ತಾಳೆಯ ಸಣ್ಣ ನಾಲಿಗೆಗಳನ್ನು — ಅವರು ಸ್ವರ ಅನ್ನುತ್ತಿದ್ದರು — ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕತೊಡಗಿದರು. ಹಳೆಯ ಸ್ವರಗಳಿಗೆ ಭಾಳ ಕಿಮ್ಮತ್ತು, ಬೇರೆ ಪೇಟಿಗೆ ಕೂಡಿಸುತ್ತೇವೆ, ಕಟ್ಟಿಗೆ ಮಾತ್ರ ಒಲೆಗೆ ಎಂದರು. ಬೇಡ ಅನ್ನಬಹುದಿತ್ತು. ಎರಡು ಮೂರು ಕಿತ್ತ ಮೇಲೂ ಅನ್ನಬಹುದಿತ್ತು. ನನ್ನ ಕಣ್ಣು ಹೊಸ ಪೇಟಿಯ ಹೊಳಪಿನ ಮೇಲಿತ್ತು.

ಅಕ್ಕ ಬಂದಾಗ, ನಿನ್ನದನ್ನು ದುರಸ್ತಿಗೆ ಬಿಟ್ಟಿದ್ದೇನೆ ಎಂದೆ. ಅವಳ ಮುಖ ಅರಳಿತು. ಹೊಸದನ್ನು ನೋಡಿ ಕೈ ಚಾಚಿದಳು.

"ಹಿಟ್ಟಿನ ಕೈಲೆ ಮುಟ್ಟಬ್ಯಾಡ ಬೇ, ಹೊಸಾದು ಐತಿ."

ಅವಳು ತನ್ನ ಕೈ ನೋಡಿಕೊಂಡಳು. ಹಿಟ್ಟಿರಲಿಲ್ಲ — ತೊಳೆದೇ ಬಂದಿದ್ದಳು.

ಸೋಮವಾರ ಮಠದ ಭಜನೆಗೆ ಅದನ್ನು ಹೊತ್ತುಕೊಂಡು ಹೋದೆ. ಒಂದು ಪದ ಮುಗಿಯುವಷ್ಟರಲ್ಲಿ ತಬಲಾ ಬಾರಿಸುವ ಮೌಲಾಸಾಬ ಕಾಕಾ ನನ್ನ ಕಡೆ ತಿರುಗಿದ. "ಪೇಟಿ ಅಗದಿ ಚಂದ ಐತಿ ತಮ್ಮಾ. ಅದಕ್ಕ ಸ್ವಲ್ಪ ಆರಾಮ ಕೊಡು, ನಾವು ಹಾಡ್ತೀವಿ." ಎಲ್ಲರೂ ನಕ್ಕರು. ಆಮೇಲೆ ಅದೂ ಅಟ್ಟ ಸೇರಿತು.

ನಾನು ಹುಬ್ಬಳ್ಳಿಗೆ ಹೊರಟಾಗಲೆಲ್ಲ ಅಕ್ಕ ಕೇಳುವಳು, ಆತೇನೋ ಎಂದು. ಇನ್ನೂ ಇಲ್ಲ, ಮುಂದಿನ ತಿಂಗಳು... ಕೊನೆಗೊಂದು ದಿನ, ಅಂಗಡಿಯವ ಬಾಗಿಲು ಹಾಕಿಕೊಂಡು ಎಲ್ಲೋ ಹೋದನಂತೆ ಎಂದುಬಿಟ್ಟೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು: "ಹೋಗ್ಲಿ ಬಿಡೋ. ಅವ ಮೋಸ ಮಾಡಿದ್ರ ನೀ ಏನ ಮಾಡ್ತಿ?"

ಅಂದಿನಿಂದ ಅವಳು ಹಾಡಿದ್ದನ್ನೂ ನಾನು ಕೇಳಿಲ್ಲ.

ಹೋದ ವರ್ಷ ತಡೆಯಲಾರದೆ ಅಟ್ಟದಿಂದ ನನ್ನ ಆ ಪೇಟಿ ಇಳಿಸಿ ಅವಳ ಮುಂದಿಟ್ಟೆ. ಅವಳ ಬೆರಳ ಗಂಟುಗಳು ಬಾತಿದ್ದವು. ಎರಡನೇ ಸಾಲಿಗೇ ದಾರಿ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದಳು — ಮತ್ತೆ ಅಲ್ಲೇ. ಎಮ್ಮೆಗೆ ನೀರು ಕುಡಿಸಬೇಕು ಎಂದು ಎದ್ದು ಹೋದಳು.

ಇವತ್ತಿಗೂ ಅವಳು ಆ ಅಂಗಡಿಯವನನ್ನೇ ಬೈಯುತ್ತಾಳೆ. ಪಾಪ, ನನ್ನ ತಮ್ಮ ಎಷ್ಟು ಸಲ ಅಲೆದ ಎಂದು ಓಣಿಯವರ ಮುಂದೆ ಹೇಳುತ್ತಾಳೆ. ನಿಜ ಹೇಳಿದರೆ ಅವಳ ಕೈಗೆ ಆ ನುಡಿಸಾಣಿಕೆ ತಿರುಗಿ ಬರುವುದಿಲ್ಲ. ಅವಳು ನಂಬಿದ ಒಬ್ಬ ತಮ್ಮನೂ ಇಲ್ಲವಾಗುತ್ತಾನೆ. ಇಷ್ಟು ದಿನ ಇದನ್ನೇ ನೆವ ಮಾಡಿಕೊಂಡು ಸುಮ್ಮನಿದ್ದೆ.

ನಾಳೆ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ — ಕೇಳಿದರೆ, ಅವಳು ಕ್ಷಮಿಸಿಬಿಡುತ್ತಾಳೆ.